ನಾಲ್ಕನೇ ದಿನಕ್ಕೇ ತತ್ತಿ ಎಸೆಯಬೇಡಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕು. 50 ತತ್ತಿ ಹಿಡಿಯುವ ಸಣ್ಣ ಇನ್‌ಕ್ಯುಬೇಟರ್ (ಕಾವು ಕೊಡುವ ಮಷೀನು) ತರಿಸಿದ್ದೇವೆ. ಮನೆಯ ಜವಾರಿ ಕೋಳಿಗಳದ್ದು, ಓಣಿಯ ಇನ್ನೆರಡು ಮನೆಗಳದ್ದು ಸೇರಿಸಿ ಹನ್ನೆರಡು ದಿನ ಬುಟ್ಟಿಯಲ್ಲಿ ಕೂಡಿಟ್ಟು 48 ತತ್ತಿ ಇಟ್ಟೆವು. ಉಗಾದಿ ಆದ ಮೇಲೆ ಇಟ್ಟದ್ದು, ಮನೆ ತಗಡಿನದು. ನಾಲ್ಕನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. 31ರಲ್ಲಿ ಕೆಂಪು ಎಳೆ ಕಂಡವು. 12 ಬರೀ ಹಳದಿ. 3ರಲ್ಲಿ ರಕ್ತದ ಉಂಗುರ. 2 ಕಂದು ತತ್ತಿಗಳಲ್ಲಿ ಏನೂ ತಿಳಿಯಲಿಲ್ಲ. ಎಳೆ ಕಾಣದವನ್ನೆಲ್ಲ ತೆಗೆದುಬಿಡಲೇ? ‘ಬೆಳಕು ಹಿಡಿದು ನೋಡಬ್ಯಾಡ, ದೃಷ್ಟಿ ತಾಕಿ ತತ್ತಿ ಕೆಡ್ತಾವ’ ಅಂತಾಳೆ ಅವ್ವ. ಅದು ನಿಜವೇ? ತೆಗೆದ ತತ್ತಿ ತಿನ್ನಬಹುದೇ?

ಉತ್ತರ: ಉಂಗುರ ಕಂಡ ಮೂರನ್ನು ತೆಗೆಯಿರಿ. ಉಳಿದ ಯಾವುದನ್ನೂ ಈಗ ತೆಗೆಯಬೇಡಿ. ಏಳನೇ ದಿನದ ರಾತ್ರಿ ಇನ್ನೊಮ್ಮೆ ನೋಡಿ ತೀರ್ಮಾನ ಮಾಡಿ.

ಮೊದಲು ದಿನದ ಲೆಕ್ಕ ಸರಿಮಾಡಿಕೊಳ್ಳೋಣ, ಬಹಳ ಜನ ಇಲ್ಲೇ ಎಡವುತ್ತಾರೆ. ಮಷೀನಿನಲ್ಲಿ ತತ್ತಿ ಇಟ್ಟ ದಿನ ಒಂದನೇ ದಿನ ಅಲ್ಲ. ಪೂರ್ತಿ 24 ತಾಸು ಕಾವು ಸಿಕ್ಕ ಮೇಲೆ ಒಂದು ದಿನ. ಸೋಮವಾರ ರಾತ್ರಿ ಇಟ್ಟಿದ್ದರೆ ಮಂಗಳವಾರ ರಾತ್ರಿಗೆ ಒಂದು ದಿನ ತುಂಬುತ್ತದೆ. ಮರಿ ಒಡೆಯುವುದು ಮೂರು ವಾರ ಕಳೆದು ಬರುವ ಸೋಮವಾರದ ಆಸುಪಾಸು. ನೀವು ಇಟ್ಟ ದಿನವನ್ನೂ ಎಣಿಸಿದ್ದರೆ ನೀವು ನೋಡಿದ ‘ನಾಲ್ಕನೇ ದಿನ’ ನಿಜಕ್ಕೂ ಮೂರೇ ದಿನ. ಮೂರಕ್ಕೂ ನಾಲ್ಕಕ್ಕೂ ಒಂದೇ ದಿನದ ವ್ಯತ್ಯಾಸ ಎನಿಸಬಹುದು, ತತ್ತಿಯೊಳಗೆ ಅದು ದೊಡ್ಡದು. ಮೂರು ದಿನಕ್ಕೆ ರಕ್ತನಾಳ ಆಗಷ್ಟೇ ಹರಡುತ್ತಿರುತ್ತದೆ. ಬೆಳಕು ಸ್ವಲ್ಪ ಮಂದ ಇದ್ದರೂ, ಚಿಪ್ಪು ಸ್ವಲ್ಪ ದಪ್ಪ ಇದ್ದರೂ ಕಣ್ಣಿಗೆ ಸಿಗುವುದಿಲ್ಲ.

ಇದರ ಜೊತೆಗೆ, ನಿಮ್ಮ ತತ್ತಿಗಳೆಲ್ಲ ಒಂದೇ ವಯಸ್ಸಿನವಲ್ಲ. ಬುಟ್ಟಿಯ ತಳದಲ್ಲಿದ್ದದ್ದು ಹನ್ನೆರಡು ದಿನದ ಹಳೆಯದು, ಮೇಲಿನದು ನಿನ್ನೆ ಮೊನ್ನೆಯದು. ಹಳೆಯ ತತ್ತಿ ಕಾವಿಗೆ ಕೂತ ಮೇಲೂ ತಡವಾಗಿ ಚುರುಕಾಗುತ್ತದೆ. ಒಂದೊಂದು ದಿನ ಇಟ್ಟದ್ದಕ್ಕೆ ಸುಮಾರು ಒಂದು ತಾಸು ಹಿಂದೆ ಬೀಳುತ್ತದೆ ಎಂದು ಹ್ಯಾಚರಿಯವರು (ದೊಡ್ಡ ಮಷೀನಿನಲ್ಲಿ ಮರಿ ಮಾಡಿಸುವವರು) ಲೆಕ್ಕ ಇಡುತ್ತಾರೆ. ಹಾಗಾಗಿ ಒಂದೇ ಮಷೀನಿನಲ್ಲಿ, ಒಂದೇ ರಾತ್ರಿ, ಒಂದು ತತ್ತಿಯಲ್ಲಿ ಎಳೆ ಎದ್ದು ಕಾಣುತ್ತದೆ, ಪಕ್ಕದ್ದರಲ್ಲಿ ಮಸುಕಾಗಿರುತ್ತದೆ. ಆ ಮಸುಕನ್ನು ನೋಡಿ ಜೀವವಿಲ್ಲ ಅಂದುಕೊಂಡು ಎಸೆದರೆ ನಷ್ಟ ನಿಮಗೇ.

ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಬೆಳಕಿನಲ್ಲಿ ಕಂಡದ್ದನ್ನು ಓದುವುದು ಸುಲಭ. ಹುಂಜ ಕೂಡಿದ ಕೋಳಿಯ ತತ್ತಿ ಹೊರಬೀಳುವಾಗಲೇ ಅದರೊಳಗಿನ ಬೆಳವಣಿಗೆ ಶುರುವಾಗಿ ಸುಮಾರು ಒಂದು ದಿನ ಕಳೆದಿರುತ್ತದೆ. ಕೋಳಿಯ ಮೈ ಕಾವು 41 ಡಿಗ್ರಿಯ ಹತ್ತಿರ. ಆ ಬಿಸಿಯಲ್ಲಿ ಹಳದಿಯ ಮೇಲಿನ ಸಣ್ಣ ಬಿಳಿ ಚುಕ್ಕಿ ಸಾವಿರಾರು ಜೀವಕೋಶಗಳಾಗಿ ಒಡೆದಿರುತ್ತದೆ. ತತ್ತಿ ಹೊರಗೆ ಬಂದು ತಣ್ಣಗಾದಾಗ ಕೆಲಸ ನಿಲ್ಲುತ್ತದೆ. ಮತ್ತೆ ಕಾವು ಸಿಕ್ಕಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಎರಡನೇ ದಿನ ಮುಗಿಯುವ ಮೊದಲೇ ಹೃದಯ ಬಡಿಯತೊಡಗುತ್ತದೆ. ಆಗ ಮರಿಗೆ ಕಾಲಿಲ್ಲ, ಕೊಕ್ಕಿಲ್ಲ, ಹೃದಯ ಮಾತ್ರ ಮಿಡಿಯುತ್ತಿರುತ್ತದೆ. ಗ್ರೀಸಿನ ಅರಿಸ್ಟಾಟಲ್ ಸುಮಾರು 2300 ವರ್ಷಗಳ ಹಿಂದೆಯೇ ಕಾವಿನ ತತ್ತಿಗಳನ್ನು ಗಮನಿಸಿ, ಮೂರು ದಿನ ಮೂರು ರಾತ್ರಿ ಕಳೆದ ಮೇಲೆ ರಕ್ತದ ಚುಕ್ಕಿಯೊಂದು ಜೀವ ಇದ್ದಂತೆ ಮಿಡಿಯುತ್ತದೆ ಎಂದು ಬರೆದಿಟ್ಟಿದ್ದಾನೆ. ಅವನು ನೋಡಿದ್ದೂ ಇದನ್ನೇ. ನಮ್ಮ ಹತ್ತಿರ ಟಾರ್ಚ್ ಇರುವುದರಿಂದ ಒಡೆಯದೇ ನೋಡಬಹುದು.

ನಾಲ್ಕು ದಿನ ತುಂಬಿದ, ಆರೋಗ್ಯವಾಗಿ ಬೆಳೆಯುತ್ತಿರುವ ತತ್ತಿಯನ್ನು ಅಗಲ ತುದಿಯಿಂದ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ ನೋಡಿ. ಹಳದಿ ನೆರಳಿನ ಒಂದು ಬದಿಯಲ್ಲಿ ಸಣ್ಣ ಕಪ್ಪು ಚುಕ್ಕಿ. ಅದರಿಂದ ನಾಲ್ಕೂ ಕಡೆ ಹೊರಟ ಕೆಂಪು ಎಳೆಗಳು, ಕಾಲು ಚಾಚಿದ ಜೇಡನ ಹಾಗೆ. ಎಳೆಯ ತುದಿ ಕವಲೊಡೆದು ಸಣ್ಣದಾಗುತ್ತ ಹಳದಿಯ ಮೇಲೆ ಕರಗಿಹೋಗಿರುತ್ತದೆ, ಥಟ್ಟನೆ ಕಡಿದುಹೋದಂತೆ ಇರುವುದಿಲ್ಲ. ಎಳೆಗಳ ಬಣ್ಣ ತಿಳಿಗೆಂಪು, ಕಂದಲ್ಲ. ಕೈ ಅಲುಗಾಡಿಸದೆ ಎಂಟು ಹತ್ತು ಸೆಕೆಂಡ್ ಹಿಡಿದರೆ ತೆಳು ಚಿಪ್ಪಿನ ತತ್ತಿಯಲ್ಲಿ ಹೃದಯದ ಮಿಡಿತವೂ ಸಿಗುತ್ತದೆ. ಐದು ತುಂಬಿ ಆರಕ್ಕೆ ಬೀಳುವಾಗ ಆ ಕಪ್ಪು ಚುಕ್ಕಿಯಲ್ಲಿ ಕಣ್ಣು ಎದ್ದು ಕಾಣುತ್ತದೆ, ದೇಹಕ್ಕಿಂತ ಕಣ್ಣೇ ದೊಡ್ಡದೇನೋ ಅನ್ನುವಷ್ಟು. ಏಳಕ್ಕೆ ಮರಿ ತನ್ನ ನೀರಿನ ಚೀಲದಲ್ಲಿ ತೂಗಾಡುತ್ತಿರುತ್ತದೆ, ಬೆಳಕು ಬಿದ್ದಾಗ ಒಮ್ಮೆ ಮೇಲೆ ಬಂದು ಒಮ್ಮೆ ಒಳಗೆ ಸರಿಯುತ್ತದೆ. ಇದನ್ನು ಕಂಡ ಮೇಲೆ ಅನುಮಾನಕ್ಕೆ ಜಾಗವಿಲ್ಲ. ಏಳನೇ ದಿನದವರೆಗೆ ಕಾಯಿರಿ ಎಂದದ್ದು ಅದಕ್ಕೇ.

ಉಂಗುರದ ವಿಷಯ ಬೇರೆ. ಹಳದಿಯ ಮೇಲೆ ಹರಡುವ ರಕ್ತನಾಳಗಳ ಹೊರ ಅಂಚಿನಲ್ಲಿ ಸುತ್ತುಗಟ್ಟಿದಂತೆ ಒಂದು ನಾಳ ಇರುತ್ತದೆ. ಮರಿ ಸತ್ತರೆ ನಡುವಿನ ಎಳೆಗಳಿಂದ ರಕ್ತ ಹಿಂದೆ ಸರಿದು ಆ ಅಂಚಿಗೆ ಸೇರುತ್ತದೆ. ನಡುವೆ ಖಾಲಿ, ಸುತ್ತ ಕೆಂಪು ಗೆರೆ ಎನ್ನುವ ಉಂಗುರ ಬರುವುದು ಹೀಗೆ. ಇಂಥದ್ದು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಒಂದು ಎಚ್ಚರಿಕೆ: ಪೂರ್ತಿ ಸುತ್ತು ಇದ್ದು, ಒಳಗೆ ಎಳೆ ಒಂದೂ ಇರದಿದ್ದರೆ ಮಾತ್ರ ಉಂಗುರ ಎನ್ನಿ. ಸುತ್ತಿನ ಜೊತೆ ಒಳಗೂ ಎಳೆ ಕಂಡರೆ ಅದು ಇನ್ನೂ ಬದುಕಿದೆ, ಬಿಡಿ.

ಕಂದು ತತ್ತಿ ಎರಡರ ಬಗ್ಗೆ ಚಿಂತೆ ಬೇಡ. ಓಣಿಯ ಯಾರದೋ ಮನೆಯಲ್ಲಿ ಗಿರಿರಾಜ ತಳಿಯ ಕೋಳಿ ಇರಬಹುದು, ಅದರ ಚಿಪ್ಪು ಕಂದು. ಬಣ್ಣದ ಚಿಪ್ಪಿನಲ್ಲಿ ನಾಲ್ಕನೇ ದಿನ ಕಾಣದಿರುವುದು ಸಹಜ, ಏಳರಿಂದ ಹತ್ತರೊಳಗೆ ಒಳಗಿನ ಕತ್ತಲು ತಾನೇ ಹೇಳುತ್ತದೆ. ಹಾಂ, ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಲವು ತಳಿ ಕೂಡಿಸಿ ಮಾಡಿದ ಕೋಳಿ. ಅದರ ತತ್ತಿಯಿಂದ ಮರಿ ಮಾಡಿಸಿದರೆ ಮರಿ ಬರುತ್ತದೆ, ಆದರೆ ತಾಯಿಯ ತೂಕ, ತತ್ತಿ ಇಡುವ ಗುಣ ಎಲ್ಲ ಮರಿಗೂ ಹಾಗೇ ಬರುತ್ತದೆ ಅಂತ ನಂಬಿ ಕೂರಬೇಡಿ.

ಈಗ ಆ ಹನ್ನೆರಡು. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅವೇ. 48ರಲ್ಲಿ 12 ಎಂದರೆ ನಾಲ್ಕಕ್ಕೊಂದು. ಏಳನೇ ದಿನಕ್ಕೂ ಅವು ಬರೀ ಹಳದಿಯಾಗಿಯೇ ಉಳಿದರೆ, ಎಲ್ಲರೂ ಹೇಳುವುದು ಒಂದೇ: ‘ಹುಂಜ ಸರಿ ಇಲ್ಲ, ಗೊಡ್ಡು ತತ್ತಿ’. ಕೆಲವೊಮ್ಮೆ ಅದು ಸರಿ. ಆದರೆ ಬರೀ ಹಳದಿ ಕಾಣುವ ತತ್ತಿಯಲ್ಲಿ ಎರಡು ಬಗೆ ಇವೆ. ಒಂದು ಬೀಜವೇ ಕೂಡದ್ದು. ಇನ್ನೊಂದು ಬೀಜ ಕೂಡಿ, ರಕ್ತ ಹುಟ್ಟುವ ಮೊದಲೇ ಸತ್ತದ್ದು. ಟಾರ್ಚ್‌ಗೆ ಎರಡೂ ಒಂದೇ. ಬಿಡಿಸಿ ತಿಳಿಯಲು ಒಡೆದೇ ನೋಡಬೇಕು.

ಏಳನೇ ದಿನ ತೆಗೆದವನ್ನು ಒಂದೊಂದಾಗಿ ಬಿಳಿ ತಟ್ಟೆಗೆ, ಅಗಲ ತುದಿ ಒಡೆದು, ಹಳದಿ ಒಡೆಯದಂತೆ ಸುರಿಯಿರಿ. ಹಳದಿಯನ್ನು ಚಮಚದಿಂದ ಮೆಲ್ಲಗೆ ಹೊರಳಿಸಿ ಬಿಳಿ ಚುಕ್ಕಿ ಹುಡುಕಿ. ಬೀಜ ಕೂಡದ್ದಾದರೆ ಚುಕ್ಕಿ ಎರಡು ಮೂರು ಮಿಲಿಮೀಟರ್ ಅಷ್ಟೇ, ಗಟ್ಟಿ ಬಿಳಿ, ಅಂಚು ಸೊಟ್ಟಪಟ್ಟ. ಹಳದಿ ತಾಜಾ ತತ್ತಿಯದರಂತೆಯೇ ಇರುತ್ತದೆ. ಬೀಜ ಕೂಡಿ ಕಾವಿಗೆ ಬರುವ ಮೊದಲೇ ಸತ್ತದ್ದಾದರೆ ನಾಲ್ಕೈದು ಮಿಲಿಮೀಟರಿನ ದುಂಡನೆಯ ಬಳೆಯ ಆಕಾರ, ನಡುವೆ ತಿಳಿ, ಸುತ್ತ ಬಿಳಿ. ಮಷೀನಿಗೆ ಬಂದು ಒಂದೆರಡು ದಿನ ಬೆಳೆದು ಸತ್ತಿದ್ದರೆ ಹಳದಿಯ ಮೇಲೆ ನಾಣ್ಯದಗಲ ಬೆಳ್ಳನೆಯ ತೆಳು ಪೊರೆ ಹರಡಿರುತ್ತದೆ, ರಕ್ತ ಇರುವುದಿಲ್ಲ. ಈ ಮೂರನ್ನು ನೋಡಿ ಗುರುತಿಸುವುದು ಹತ್ತು ತತ್ತಿ ಒಡೆಯುವಷ್ಟರಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಯಾವುದು ಯಾರ ಮನೆಯ ತತ್ತಿ ಎನ್ನುವುದು ಗೊತ್ತಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಇಡುವಾಗ ಪೆನ್ಸಿಲಿನಿಂದ ಮನೆಯ ಗುರುತು ಮತ್ತು ಕೋಳಿ ತತ್ತಿ ಇಟ್ಟ ತಾರೀಖು ಬರೆಯಿರಿ. ಮಾರ್ಕರ್ ಪೆನ್ ಬೇಡ, ಚಿಪ್ಪಿನಲ್ಲಿ ಸಾವಿರಾರು ರಂಧ್ರಗಳಿವೆ, ಮಸಿ ಒಳಗಿಳಿಯುತ್ತದೆ.

ಒಂದೇ ಮನೆಯ ತತ್ತಿಗಳೆಲ್ಲ ಬೀಜ ಕೂಡದವಾದರೆ ಹುಂಜದ ಕಡೆ ನೋಡಿ. ಎಂಟು ಹತ್ತು ಕೋಳಿಗೆ ಒಂದು ಹುಂಜ ಸಾಕು, ಅದಕ್ಕಿಂತ ಜಾಸ್ತಿ ಕೋಳಿ ಇದ್ದರೆ ಸಾಲದು. ಬಿರುಬಿಸಿಲಿನಲ್ಲಿ ಹುಂಜದ ಬೀಜದ ಶಕ್ತಿಯೂ ಕುಗ್ಗುತ್ತದೆ. ಹುಂಜ ಮಾರಿದ ಮೇಲೂ ಕೋಳಿ ಸುಮಾರು ಹತ್ತು ಹದಿನಾಲ್ಕು ದಿನ ಬೀಜ ಕೂಡಿದ ತತ್ತಿ ಇಡಬಲ್ಲದು, ಬೀಜವನ್ನು ಮೈಯೊಳಗೇ ಇಟ್ಟುಕೊಂಡಿರುತ್ತದೆ. ಹೀಗಾಗಿ ‘ಹುಂಜ ಇಲ್ಲದೆಯೂ ಮರಿ ಬಂತು’ ಎಂದು ಯಾರಾದರೂ ಹೇಳಿದರೆ ಆಶ್ಚರ್ಯ ಬೇಡ.

ಆದರೆ ನಿಮ್ಮ ಪತ್ರ ಓದಿದಾಗ ನನ್ನ ಅನುಮಾನ ಹುಂಜದ ಮೇಲಲ್ಲ, ಬುಟ್ಟಿಯ ಮೇಲೆ. ಉಗಾದಿ ಮುಗಿದು ಮಿರಗ (ಮೃಗಶಿರಾ ಮಳೆ) ಕೂಡುವವರೆಗೆ ನಮ್ಮ ಸಿಂಧನೂರು, ಮಾನ್ವಿ, ಕಾರಟಗಿ, ಸಿರುಗುಪ್ಪ ಕಡೆ ಹಗಲು 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಮನೆಯೊಳಗೆ ಕೇಳುವುದೇ ಬೇಡ. ತತ್ತಿಯೊಳಗಿನ ಜೀವ ಪೂರ್ತಿ ನಿದ್ದೆಯಲ್ಲಿರಬೇಕಾದರೆ ಅದು 20 ಡಿಗ್ರಿಗಿಂತ ಕೆಳಗಿರಬೇಕು. ಅದನ್ನು ಮೀರಿ 24, 25 ಆದರೆ ನಿಧಾನವಾಗಿ ಮಿಸುಕತೊಡಗುತ್ತದೆ. 35ರ ಮೇಲೆ ಹೋದರೆ ಕಾವು ಸಿಕ್ಕಿತೆಂದೇ ತಿಳಿದು ಬೆಳೆಯತೊಡಗುತ್ತದೆ. ರಾತ್ರಿ ತಂಪಾದಾಗ ಕುಂಟುತ್ತದೆ. ಮರುದಿನ ಮತ್ತೆ ಬೆಳವಣಿಗೆ, ಮತ್ತೆ ನಿಲುಗಡೆ. ಹನ್ನೆರಡು ದಿನ ಹೀಗೇ ನಡೆದರೆ ಮಷೀನಿಗೆ ಬರುವ ಹೊತ್ತಿಗೆ ಅದು ಸತ್ತೇ ಇರುತ್ತದೆ, ಇಲ್ಲವೇ ಎರಡು ಮೂರು ದಿನ ಬೆಳೆದು ಉಂಗುರವಾಗುತ್ತದೆ. ಕಾವಿನ 21 ದಿನದಲ್ಲಿ ಮರಿ ಹೆಚ್ಚು ಸಾಯುವ ಹೊತ್ತು ಎರಡು, ಮೊದಲ ವಾರದ ಮೂರರಿಂದ ಐದನೇ ದಿನ ಮತ್ತು ಕೊನೆಯ ಮೂರು ದಿನ. ಮೊದಲಿನದ್ದರ ಕಾರಣ ಬಹಳ ಸಲ ಮಷೀನಿನೊಳಗೆ ಇರುವುದೇ ಇಲ್ಲ. ಜನ ಮಷೀನ್ ಕೊಟ್ಟವನನ್ನು ಬೈಯುತ್ತಾರೆ. ತತ್ತಿ ಕೆಟ್ಟದ್ದು ಅದಕ್ಕೂ ಮೊದಲು, ಅಡುಗೆ ಮನೆಯ ಮೂಲೆಯ ಬುಟ್ಟಿಯಲ್ಲಿ.

ಹ್ಯಾಚರಿಗಳಲ್ಲಿ ತತ್ತಿಯನ್ನು 15ರಿಂದ 18 ಡಿಗ್ರಿಯಲ್ಲಿ ಇಡುತ್ತಾರೆ, ಏಳು ದಿನ ದಾಟಿಸುವುದಿಲ್ಲ. ಮನೆಯಲ್ಲಿ ಅಷ್ಟು ತಂಪು ಸಾಧ್ಯವಿಲ್ಲ. ಫ್ರಿಜ್ ಎಂದು ಕೇಳುತ್ತೀರಿ. ಅದರ ನಾಲ್ಕು ಡಿಗ್ರಿ ತೀರಾ ತಂಪು, ಹೊರ ತೆಗೆದಾಗ ಚಿಪ್ಪು ಬೆವತು ಆ ನೀರಿನ ಜೊತೆ ರೋಗಾಣು ರಂಧ್ರದೊಳಗೆ ಹೋಗುತ್ತದೆ. ಇದಕ್ಕೆ ಮಡಕೆಯೇ ವಾಸಿ. ನೆರಳಿರುವ, ಗಾಳಿ ಆಡುವ ಜಾಗದಲ್ಲಿ ಮರಳು ಹಾಕಿ, ಅದರಲ್ಲಿ ಅಗಲ ಬಾಯಿಯ ಮಣ್ಣಿನ ಮಡಕೆಯನ್ನು ಅರ್ಧ ಹೂಳಿ. ಮರಳಿಗೆ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಮಡಕೆಯೊಳಗೆ ಒಣ ಭತ್ತದ ಹೊಟ್ಟು ಹಾಸಿ, ನಿಮ್ಮ ಕಡೆ ರೈಸ್ ಮಿಲ್ಲಿಗೇನು ಬರವಿಲ್ಲ, ಅದರ ಮೇಲೆ ತತ್ತಿಗಳನ್ನು ಚೂಪು ತುದಿ ಕೆಳಗೆ ಮಾಡಿ ನಿಲ್ಲಿಸಿ. ಬಾಯಿಗೆ ಹಿಂಡಿದ ಒದ್ದೆ ಗೋಣಿ. ತತ್ತಿಗೆ ಮಾತ್ರ ನೀರು ತಾಗಬಾರದು. ನಮ್ಮ ಬೇಸಗೆಯ ಗಾಳಿ ಒಣಗಾಳಿ, ಅದಕ್ಕೇ ಈ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ, ಹೊರಗೆ 40 ಇದ್ದರೂ ಒಳಗೆ 25ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟಾದರೂ ಅದು ಹ್ಯಾಚರಿಯ ತಂಪಲ್ಲ, ಆದ್ದರಿಂದ ಬೇಸಗೆಯಲ್ಲಿ ನಾಲ್ಕೈದು ದಿನಕ್ಕಿಂತ ಹಳೆಯ ತತ್ತಿ ಇಡಬೇಡಿ. 48 ತುಂಬಲಿಲ್ಲವೆಂದು ಕಾಯಬೇಡಿ, 20 ಸಿಕ್ಕರೆ 20 ಇಡಿ. ಬೇರೆ ಊರಿನಿಂದ ಬೈಕಿನ ಮೇಲೆ ತಂದ ತತ್ತಿಯಾದರೆ ಅರ್ಧ ದಿನ ಅಲುಗಿಸದೆ ಇಟ್ಟು ಆಮೇಲೆ ಮಷೀನಿಗೆ ಹಾಕಿ. ಗಲೀಜಾದ ತತ್ತಿಯನ್ನು ತೊಳೆದು ಇಡುವ ಬದಲು ಇಡದೇ ಬಿಡುವುದು ಲೇಸು, ತೊಳೆದಾಗ ಚಿಪ್ಪಿನ ಮೇಲಿನ ಕಾಪಿನ ಪೊರೆ ಹೋಗುತ್ತದೆ.

ಇದೇ ಬಿಸಿಲು ಮಷೀನಿಗೂ ಕಾಟ ಕೊಡುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಇನ್‌ಕ್ಯುಬೇಟರಿಗೆ ಬಿಸಿ ಮಾಡುವುದು ಮಾತ್ರ ಗೊತ್ತು, ತಣ್ಣಗೆ ಮಾಡುವುದು ಗೊತ್ತಿಲ್ಲ. ಫ್ಯಾನ್ ಇರುವ ಮಷೀನಿನಲ್ಲಿ ಬೇಕಾದದ್ದು 37.5 ಡಿಗ್ರಿ. ಕೋಣೆಯೇ 40 ಇದ್ದರೆ ಹೀಟರ್ ಆಫ್ ಆಗಿ ಕೂರುತ್ತದೆ, ಒಳಗಿನ ಬಿಸಿ ಮಾತ್ರ ಇಳಿಯುವುದಿಲ್ಲ. ತತ್ತಿಗೆ ತಂಪಿಗಿಂತ ಬಿಸಿಯೇ ಬೇಗ ಏಟು ಕೊಡುತ್ತದೆ. ಒಂದೆರಡು ತಾಸು ಕರೆಂಟ್ ಹೋಗಿ ತಣ್ಣಗಾದರೆ ಮರಿ ತಡೆದುಕೊಳ್ಳುತ್ತದೆ, ಕಾವು ಕೋಳಿಯೂ ಮೇಯಲು ಎದ್ದು ಹೋಗುತ್ತದಲ್ಲ. ಮೂರ್ನಾಲ್ಕು ತಾಸು 40, 41ರಲ್ಲಿ ಬೆಂದರೆ ತಡೆಯುವುದು ಕಷ್ಟ. ಮಷೀನನ್ನು ತಗಡಿನ ಕೋಣೆಯಿಂದ ಎತ್ತಿ. ಓಣಿಯಲ್ಲಿ ಯಾರದಾದರೂ ಹಳೆಯ ಮಣ್ಣಿನ ಮಾಳಿಗೆ ಮನೆ ಇದ್ದರೆ ಅದರ ಒಳಕೋಣೆಯಲ್ಲಿಡಿ, ನೆಲದ ಮೇಲೆ. ಹಗಲು ಎರಡು ಗಂಟೆಗೆ ಆ ಕೋಣೆಯ ತಾಪ ಎಷ್ಟಿದೆ ಎಂದು ಥರ್ಮಾಮೀಟರ್ ಇಟ್ಟು ನೋಡಿ. 34, 35ರೊಳಗಿದ್ದರೆ ಸಾಕು.

ಮಷೀನಿನ ಮುಖದ ಮೇಲೆ ಬೀಳುವ ಅಂಕಿಯನ್ನೂ ನಂಬಬೇಡಿ. ಜ್ವರ ನೋಡುವ ಥರ್ಮಾಮೀಟರ್ ಮನೆಯಲ್ಲಿ ಇರುತ್ತದೆ. ಪಾದರಸದ್ದಾದರೆ ಜಾಡಿಸಿ ಇಳಿಸಿ, ಬಲ್ಬು ತತ್ತಿಯ ಮೇಲ್ಮೈ ಮಟ್ಟಕ್ಕೆ ಬರುವಂತೆ ಮಲಗಿಸಿ, ಅರ್ಧ ತಾಸು ಬಿಟ್ಟು ನೋಡಿ. ಫ್ಯಾರನ್‌ಹೀಟ್ ಅಂಕಿಯದಾದರೆ 99.5 ಬರಬೇಕು. ಆ ಥರ್ಮಾಮೀಟರ್ ತಾನು ಮುಟ್ಟಿದ ಅತಿ ಹೆಚ್ಚಿನ ಅಂಕಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಹಗಲು ಪೂರ್ತಿ ಒಳಗೆ ಬಿಟ್ಟು ಸಂಜೆ ತೆಗೆದರೆ ಮಧ್ಯಾಹ್ನ ಎಷ್ಟು ಏರಿತ್ತು ಎನ್ನುವ ಗುಟ್ಟೂ ಹೊರಬರುತ್ತದೆ. ಫ್ಯಾನ್ ಇಲ್ಲದ ಮಷೀನಾದರೆ ತತ್ತಿಯ ಮೇಲ್ಭಾಗದ ಮಟ್ಟದಲ್ಲಿ 38.5ರ ಹತ್ತಿರ ಇರಲಿ, ಯಾಕೆಂದರೆ ಅಲ್ಲಿ ಬಿಸಿ ಮೇಲೆ, ತಂಪು ಕೆಳಗೆ.

ಅವ್ವನವರ ಮಾತಿಗೆ ಬರೋಣ. ಬೆಳಕಿನಿಂದ ತತ್ತಿ ಕೆಡುವುದಿಲ್ಲ. ಆದರೆ ಅವರ ಹೆದರಿಕೆ ಬರೀ ಮೂಢನಂಬಿಕೆ ಅಂತ ನಾನು ತಳ್ಳಿಹಾಕುವುದಿಲ್ಲ. ದಿನಾ ದಿನಾ ಎತ್ತಿ, ಅಲುಗಿಸಿ, ನೆರೆಹೊರೆಯವರಿಗೆಲ್ಲ ತೋರಿಸಿ, ಮಷೀನಿನ ಮುಚ್ಚಳ ತೆರೆದಿಟ್ಟು ಕೂತರೆ ತತ್ತಿ ಕೆಡುತ್ತದೆ. ಕೆಡಿಸಿದ್ದು ದೃಷ್ಟಿಯಲ್ಲ, ಕೈ. ಮನೆಯ ಕಾವು ಕೋಳಿಯ ಕೆಳಗಿನ ತತ್ತಿಯನ್ನು ಹಗಲು ಎಬ್ಬಿಸಿ ನೋಡಿದರೆ ಕೆಲವು ಕೋಳಿ ಮುನಿಸಿಕೊಂಡು ಮತ್ತೆ ಕೂರುವುದೇ ಇಲ್ಲ. ಹಿರಿಯರು ಕಂಡದ್ದು ಇದನ್ನು. ಗುಡುಗಿಗೆ ತತ್ತಿ ಕೆಡುತ್ತದೆ ಎಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುವವರಿದ್ದಾರೆ. ಇಡಲಿ ಬಿಡಿ, ಅದರಿಂದ ನಷ್ಟವಿಲ್ಲ. ಗುಡುಗಿನ ಜೊತೆ ಕರೆಂಟ್ ಹೋಗುವುದನ್ನು ಮಾತ್ರ ನೋಡಿಕೊಳ್ಳಿ, ಆಗ ಮಷೀನಿನ ಮೇಲೆ ಕೌದಿ ಹೊದಿಸಿ.

ನೋಡುವ ರೀತಿ ಇಷ್ಟು. ಒಂದು ಚಪ್ಪಲಿ ಡಬ್ಬಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಒಳಗಿನಿಂದ ಎಲ್‌ಇಡಿ ಟಾರ್ಚ್ ನಿಲ್ಲಿಸಿ. ತೂತಿನ ಸುತ್ತ ಹಳೆಯ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿದರೆ ತತ್ತಿ ಮೆತ್ತಗೆ ಕೂರುತ್ತದೆ, ಸಂದಿಯಿಂದ ಬೆಳಕು ಸೋರುವುದಿಲ್ಲ. ಮೊಬೈಲಿನ ಬೆಳಕು ಬಿಳಿ ತತ್ತಿಗೆ ಸಾಕು, ಕಂದಿಗೆ ಸಾಲದು. ಹಳೆಯ ಕಾಲದ ಬಿಸಿ ಬಲ್ಬು ಬೇಡ. ದೀಪ ಆರಿಸಿದ ಕೋಣೆಯಲ್ಲಿ, ಕೈ ತೊಳೆದುಕೊಂಡು, ಒಂದು ಸಲಕ್ಕೆ ಎಂಟು ಹತ್ತು ತತ್ತಿ ಹೊರತೆಗೆದು ಮುಚ್ಚಳ ಮುಚ್ಚಿ. ಒಂದಕ್ಕೆ ಅರ್ಧ ನಿಮಿಷ ಸಾಕು. ಹೊರಗೆ ಹತ್ತು ಹದಿನೈದು ನಿಮಿಷ ಇದ್ದರೂ ತೊಂದರೆಯಿಲ್ಲ. ಕೂದಲೆಳೆಯ ಬಿರುಕು ಇದ್ದರೆ ಬೆಳಕಿನಲ್ಲಿ ಬೆಳ್ಳಿ ಗೆರೆಯಾಗಿ ಕಾಣುತ್ತದೆ, ಅಂಥದ್ದನ್ನು ಇಡುವ ಮೊದಲೇ ಬೇರೆ ಮಾಡಬೇಕಿತ್ತು. ಒಟ್ಟು ಮೂರು ಸಲ ನೋಡಿದರೆ ಸಾಕು: 7ಕ್ಕೆ, 14ಕ್ಕೆ, 18ಕ್ಕೆ. ನಾಲ್ಕನೇ ದಿನ ನೋಡುವುದು ಕಲಿಯುವವರ ಆಸೆಗೆ, ತೆಗೆಯುವುದಕ್ಕಲ್ಲ. ತತ್ತಿಯನ್ನು ನೀರಿನಲ್ಲಿ ಬಿಟ್ಟು ತೇಲುತ್ತದೋ ಮುಳುಗುತ್ತದೋ ಎಂದು ನೋಡುವ ಪರೀಕ್ಷೆಯನ್ನು ಕಾವಿನ ತತ್ತಿಗೆ ಮಾಡಬೇಡಿ.

14ನೇ ದಿನ ಎಳೆ ಹುಡುಕಬೇಡಿ, ಒಳಗೆಲ್ಲ ಕತ್ತಲೆ ತುಂಬಿರುತ್ತದೆ. ಆಗ ನೋಡಬೇಕಾದದ್ದು ಅಗಲ ತುದಿಯ ಗಾಳಿ ಗೂಡು. ತತ್ತಿಯ ನೀರು ಚಿಪ್ಪಿನಿಂದ ಆವಿಯಾದಷ್ಟೂ ಅದು ದೊಡ್ಡದಾಗುತ್ತದೆ, 18 ದಿನಕ್ಕೆ ತೂಕದಲ್ಲಿ ಶೇ 12ರ ಆಸುಪಾಸು ಇಳಿಯಬೇಕು. ನಮ್ಮ ಒಣ ಬೇಸಗೆಯಲ್ಲಿ ಇಳಿಕೆ ಜಾಸ್ತಿಯಾಗುವ ಭಯವೇ ಹೆಚ್ಚು. ಅಂದಾಜಿಗಿಂತ ತಕ್ಕಡಿ ಮೇಲು. ಗುರುತು ಹಾಕಿದ ಹತ್ತು ಒಳ್ಳೆಯ ತತ್ತಿಗಳನ್ನು ಡಿಜಿಟಲ್ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ. ಇಡುವ ದಿನ 450 ಗ್ರಾಂ ಇದ್ದರೆ ಏಳಕ್ಕೆ ಸುಮಾರು 429, ಹದಿನಾಲ್ಕಕ್ಕೆ 408, ಹದಿನೆಂಟಕ್ಕೆ 396 ಇರಬೇಕು. ಅದಕ್ಕಿಂತ ಬೇಗ ಇಳಿದರೆ ಮಷೀನಿನಲ್ಲಿ ನೀರಿನ ತಟ್ಟೆ ಅಗಲವಾದದ್ದು ಇಡಿ. ಆಳ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಗಾಳಿಗೆ ತೆರೆದ ನೀರಿನ ಅಗಲ ಮುಖ್ಯ. ತೇವ ಮೊದಲ 18 ದಿನ ಶೇ 50ರಿಂದ 55, ಕೊನೆಯ ಮೂರು ದಿನ 65ರಿಂದ 70. 18ನೇ ದಿನದವರೆಗೆ ತತ್ತಿಗಳನ್ನು ಕೈಯಿಂದ ತಿರುಗಿಸುವುದಾದರೆ ದಿನಕ್ಕೆ ಮೂರು ಇಲ್ಲವೇ ಐದು ಸಲ. ಬೆಸ ಸಂಖ್ಯೆ ಯಾಕೆಂದರೆ ರಾತ್ರಿಯ ದೀರ್ಘ ಹೊತ್ತು ದಿನಾ ಒಂದೇ ಮಗ್ಗುಲಿಗೆ ಬೀಳಬಾರದು, ಬಿದ್ದರೆ ಮರಿ ಪೊರೆಗೆ ಅಂಟಿಕೊಳ್ಳುತ್ತದೆ. 18ಕ್ಕೆ ಕೊನೆಯ ಸಲ ನೋಡಿ ತಿರುಗಿಸುವುದು ನಿಲ್ಲಿಸಿ, ಮುಚ್ಚಳ ಮುಚ್ಚಿ. ಆಮೇಲೆ ಮರಿ ಒಡೆಯುವವರೆಗೆ ತೆರೆಯಬೇಡಿ.

ತೆಗೆದ ತತ್ತಿ ತಿನ್ನುವ ಮಾತು: ಬೇಡ. ಬೀಜ ಕೂಡದ ತತ್ತಿ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಏಳು ದಿನ 37.5 ಡಿಗ್ರಿಯಲ್ಲಿ ಕೂತದ್ದು, ರೋಗಾಣು ಬೆಳೆಯಲು ಅದಕ್ಕಿಂತ ಒಳ್ಳೆಯ ತಾಪ ಇಲ್ಲ. ಮಾರುವುದಂತೂ ತಪ್ಪು. ತಿಪ್ಪೆಯಲ್ಲಿ ಬಿಸಾಡಿದರೆ ನಾಯಿ ಎಳೆದಾಡುತ್ತವೆ, ಗುಂಡಿ ತೆಗೆದು ಮುಚ್ಚಿ. ವಾಸನೆ ಬರುವ, ಚಿಪ್ಪಿನ ಮೇಲೆ ಜಿನುಗು ಕಂಡ ತತ್ತಿಯನ್ನು ಯಾವ ದಿನವಾದರೂ ಸರಿ ತಕ್ಷಣ ತೆಗೆಯಿರಿ. ಒಳಗೇ ಒಡೆದರೆ ಉಳಿದವಕ್ಕೆಲ್ಲ ಅದರ ರಸ ಬಳಿದುಕೊಳ್ಳುತ್ತದೆ.

ಏಳನೇ ರಾತ್ರಿಯ ಲೆಕ್ಕ ಬರೆದು ಕಳಿಸಿ: ಎಳೆ ಇದ್ದವೆಷ್ಟು, ಹೊಸ ಉಂಗುರ ಎಷ್ಟು, ತಟ್ಟೆಗೆ ಒಡೆದು ನೋಡಿದಾಗ ಗಟ್ಟಿ ಚುಕ್ಕಿ ಎಷ್ಟರಲ್ಲಿತ್ತು, ಬಳೆ ಎಷ್ಟರಲ್ಲಿ, ಪೊರೆ ಎಷ್ಟರಲ್ಲಿ. ಜೊತೆಗೆ ಮಧ್ಯಾಹ್ನದ ಥರ್ಮಾಮೀಟರಿನ ಅಂಕಿ. ಹುಂಜ ಬದಲಿಸಬೇಕೋ, ಮಡಕೆ ಹೂಳಬೇಕೋ, ಮಷೀನಿನ ಜಾಗ ಬದಲಿಸಬೇಕೋ ಎನ್ನುವುದು ಅದರಿಂದ ಗೊತ್ತಾಗುತ್ತದೆ. ಅಷ್ಟರೊಳಗೆ ಗಂಗಾವತಿ, ಹಗರಿ ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದ ಕಡೆ ಹೋಗುವ ಕೆಲಸವಿದ್ದರೆ ಒಂದೆರಡು ಫೋಟೊ ತೆಗೆದುಕೊಂಡು ಹೋಗಿ ಅಲ್ಲಿಯವರಿಗೂ ತೋರಿಸಿ.